ಅಸಿಯ ಈಚೆಗೊಂದು ಕೋಣೆ

ಬೇರೆಯವರ ಮನೆಯ ಒಳಗನ್ನು ಚೆಂದ ಮಾಡಿಕೊಡುವುದು ನನ್ನ ಕಸುಬು. ಗಂಡನಿಗೆ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿ ನಾವು ಕಾಶಿಗೆ ಹೊರಟಾಗ ಗೆಳತಿಯರು, "ಜನ ಅಲ್ಲಿಗೆ ಎಲ್ಲಾ ಬಿಟ್ಟು ಹೋಗ್ತಾರೆ, ನೀನು ಸೋಫಾ ಮಾರೋಕೆ ಹೋಗ್ತಿದೀಯಲ್ಲೇ" ಎಂದು ರೇಗಿಸಿದ್ದರು. ಅವರಿಗೆ ಕಾಶಿ ಗೊತ್ತಿರಲಿಲ್ಲ. ಇಲ್ಲಿಯವರು ಚೆನ್ನಾಗಿ ಬದುಕುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಬಂದ ಎರಡೇ ವರ್ಷದಲ್ಲಿ ನನಗೆ ಕೈತುಂಬ ಕೆಲಸವಿತ್ತು.

ಈಗಿನ ಶ್ರೀಮಂತರಿಗೆ ಮನೆ ಖಾಲಿ ಕಾಣಬೇಕು. ಹಿಂದೆ ಚಿನ್ನದ ಬಣ್ಣದ ಹಿಡಿಕೆ, ಸೀಲಿಂಗಿನಲ್ಲಿ ಗುಲಾಬಿ ದೀಪ ಎಂದು ಪ್ರಾಣ ತಿನ್ನುತ್ತಿದ್ದವರೇ ಈಗ, ಏನೂ ಕಾಣಬಾರದು ಮೇಡಂ, ಶಾಂತವಾಗಿರಬೇಕು ಎನ್ನುತ್ತಾರೆ. ಆ ಶಾಂತಿಯನ್ನು ತರಿಸುವುದಕ್ಕೆ ಮೂರು ಲಾರಿ ಸಾಮಾನು ಬೇಕು. ಘಾಟಿನ ಪಕ್ಕದ ಹಳೆಯ ಮನೆಯನ್ನು ಅಣ್ಣನಿಗೆ ಬಿಟ್ಟುಕೊಟ್ಟು ಊರಾಚೆ ಬಂಗಲೆ ಕಟ್ಟಿಸಿದ ಸೀರೆ ವ್ಯಾಪಾರಿಯೊಬ್ಬರು, ಕೂರುವ ಕೋಣೆಯ ಗೋಡೆ ಘಾಟಿನ ಕಲ್ಲಿನ ಹಾಗೇ ಸವೆದಿರಬೇಕು, ಆದರೆ ಹೊಸದಾಗಿರಬೇಕು ಎಂದು ಕೇಳಿದರು. ಅದನ್ನೂ ಮಾಡಿಕೊಟ್ಟೆ. ನಗುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ನನಗೂ ಇವೆಲ್ಲದರ ಹುಚ್ಚಿದೆ. ಬತ್ತದ ಹೊಟ್ಟನ್ನು ಒತ್ತಿ ಮಾಡಿದ ಹಲಗೆ, ಅಣಬೆಯ ಎಳೆಗಳನ್ನು ಅಚ್ಚಿನಲ್ಲಿ ಬೆಳೆಸಿ ಮಾಡಿದ ಗೋಡೆಯ ಬಿಲ್ಲೆ, ಬೆರಳಿನಷ್ಟೂ ದಪ್ಪವಿಲ್ಲದ ಕಲ್ಲಿನ ಹಾಳೆ, ಹೀಗೆ ಹೊಸ ಸಾಮಾನು ಏನು ಬಂದರೂ ಅದರ ತುಂಡೊಂದನ್ನು ತರಿಸಿ ಮುಟ್ಟಿ ನೋಡದಿದ್ದರೆ ನನಗೆ ಸಮಾಧಾನವಿಲ್ಲ. ನಮ್ಮ ಮನೆಯ ಬಾಲ್ಕನಿಯಲ್ಲಿ ಇಂಥ ತುಂಡುಗಳು ತುಂಬಿ ತುಳಸಿ ಗಿಡ ಇಡುವುದಕ್ಕೂ ಜಾಗವಿಲ್ಲ ಎಂದು ಗಂಡ ಗೊಣಗುತ್ತಾರೆ.

ಆದರೆ ನಾನು ಮಾಡಿದ ಕೋಣೆಗಳಲ್ಲೆಲ್ಲ ಅತಿ ಹೆಚ್ಚು ಪ್ರೀತಿ ಸುರಿದು ಮಾಡಿದ್ದು ನನ್ನ ಅತ್ತೆಗಾಗಿ. ಅತ್ತೆ ಎಂದರೆ ಗಂಡನ ತಾಯಿಯಲ್ಲ, ನನ್ನ ಅಪ್ಪನ ಅಕ್ಕ. ಅವಳ ಕೊನೆಯ ವರ್ಷಗಳು ನನ್ನ ಕಣ್ಣೆದುರಿಗೆ, ನನ್ನ ಸೂರಿನ ಕೆಳಗೆ ಕಳೆಯಬೇಕು ಎನ್ನುವುದು ನನ್ನ ಹಟವಾಗಿತ್ತು. ಹಟದಲ್ಲಿ ಅವಳೇನೂ ನನಗಿಂತ ಕಡಿಮೆಯವಳಲ್ಲ.

ನನಗೆ ಎಂಟು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅಪ್ಪನದು ಊರೂರು ಸುತ್ತುವ ಕೆಲಸ. ಆ ಹೊತ್ತಿಗಾಗಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದಿದ್ದ ಅತ್ತೆಯೇ ನನ್ನನ್ನು ಸಾಕಿದಳು. ತುಮಕೂರಿನಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಪ್ರತಿ ಶನಿವಾರ ಅವಳಿಗೆ ಅದೇನೋ ಆವೇಶ ಬರುತ್ತಿತ್ತು. ಮಂಚ ಆ ಗೋಡೆಗೆ, ಟ್ರಂಕು ಈ ಮೂಲೆಗೆ, ಕನ್ನಡಿ ಕಿಟಕಿಯ ಎದುರಿಗೆ ಎಂದು ಇಡೀ ಮನೆಯನ್ನು ತಿರುಗಿಸಿ ಹಾಕಿ, ಸೊಂಟಕ್ಕೆ ಕೈಕೊಟ್ಟು ನಿಂತು, "ಈಗ ನೋಡು, ಬೇರೆ ಮನೆಗೆ ಬಂದಹಾಗೆ ಇಲ್ವಾ?" ಎನ್ನುತ್ತಿದ್ದಳು. ನಾನು ಕಾಲೇಜಿಗೆ ಹೋಗಿ ಕಲಿತದ್ದು ಆಮೇಲೆ. ಮೊದಲ ಪಾಠ ಆಗಿದ್ದು ಆ ಶನಿವಾರಗಳಲ್ಲೇ.

ಆರು ವರ್ಷದ ಹಿಂದೆ, ಅಪ್ಪನೂ ಹೋದ ಮೇಲೆ, ಅತ್ತೆ ಕಾಶಿಗೆ ಬರುತ್ತೇನೆ ಎಂದಾಗ ನಾನು ಕುಣಿದಾಡಿದೆ. ಸ್ಟೇಷನ್ನಿನಲ್ಲಿ ಇಳಿದವಳು, "ಕೇದಾರ ಘಾಟಿನಲ್ಲಿ ಕೋಣೆ ಗೊತ್ತು ಮಾಡ್ಕೊಂಡೇ ಬಂದಿದೀನಿ ಮಗು, ಅಲ್ಲಿಗೆ ಬಿಟ್ಬಿಡು" ಎಂದಳು. ಅಲ್ಲಿ ಪುರೋಹಿತರೊಬ್ಬರ ಹಳೆಯ ಮನೆ. ಎರಡನೆಯ ಮಹಡಿಯಲ್ಲಿ ಒಂದು ಕೋಣೆ, ಅದರಲ್ಲಿ ಚಿತ್ರದುರ್ಗದ ಕಡೆಯ ಮತ್ತೊಬ್ಬ ಅಜ್ಜಿಯ ಜೊತೆ ವಾಸ. ಮೆಟ್ಟಿಲುಗಳು ಎಷ್ಟು ಕಿರಿದು, ಎಷ್ಟು ಕಡಿದು ಎಂದರೆ ಹತ್ತುವಾಗ ನನ್ನ ಎರಡೂ ಭುಜ ಗೋಡೆಗೆ ತಾಗುತ್ತಿದ್ದವು.

ಅವಳು ನನ್ನ ಮನೆಗೆ ಬರಲೇ ಇಲ್ಲ. ವಾಸಕ್ಕಿರಲಿ, ಒಂದು ಹೊತ್ತಿನ ಊಟಕ್ಕೂ ಬರಲಿಲ್ಲ. ಯುಗಾದಿಗೆ ಕರೆದರೆ ಅಂದು ಅವಳದೇನೋ ವ್ರತ. ನನ್ನ ಮಗಳ ಹುಟ್ಟುಹಬ್ಬಕ್ಕೆ ಕರೆದರೆ ಮಂಡಿನೋವು. "ನೀವೇ ಬನ್ರೇ, ಮಗೂನ ಕರ್ಕೊಂಡು ಬಾ" ಎನ್ನುವಳು. ಹೋದರೆ ಗೊಜ್ಜವಲಕ್ಕಿ ಮಾಡಿಕೊಟ್ಟು, ಮಗಳ ತಲೆ ಸವರಿ, ಅವಳ ಹಿಂದಿ ಮಿಶ್ರಿತ ಕನ್ನಡ ಕೇಳಿ ನಗುವಳು. ಹೊರಡುವಾಗ ಬೀದಿಯವರೆಗೂ ಬಂದು ಕೈ ಬೀಸುವಳು. ನನಗೆ ಕಾರಣ ಗೊತ್ತು ಎಂದುಕೊಂಡಿದ್ದೆ. ಮಗಳಿಗೆ ಡಾಕ್ಟರು ಹೇಳಿದರೆಂದು ನಮ್ಮ ಅಡುಗೆಮನೆಯಲ್ಲಿ ಮೊಟ್ಟೆ ಬೇಯುತ್ತಿತ್ತು. ಅತ್ತೆಯದು ಮಡಿ. ಅವಳಿಗೆ ನನ್ನ ಅಡುಗೆಮನೆ ಅಸಹ್ಯ, ಅದನ್ನು ಬಾಯಿಬಿಟ್ಟು ಹೇಳಲಾರಳು, ಅಷ್ಟೇ ಎಂದು ತೀರ್ಮಾನ ಮಾಡಿ ಒಳಗೊಳಗೇ ಕುದಿಯುತ್ತಿದ್ದೆ.

ಒಂದು ಸಲವಂತೂ ಕುದಿತ ಉಕ್ಕಿಯೇ ಬಿಟ್ಟಿತು. ನಾಲ್ಕು ವರ್ಷದ ಹಿಂದೆ ನನ್ನ ಗರ್ಭಕೋಶ ತೆಗೆಯಬೇಕಾಯಿತು. ವಿಶ್ವವಿದ್ಯಾಲಯದ ಬಾಗಿಲೆದುರಿನ ಲಂಕಾ ಬಡಾವಣೆಯ ಆಸ್ಪತ್ರೆಯಲ್ಲಿ ಐದು ದಿನ ಮಲಗಿದ್ದೆ. ಅತ್ತೆ ಬರುತ್ತಾಳೆಂದು ಬಾಗಿಲ ಕಡೆಗೇ ನೋಡಿದೆ. ಅವಳು ಬರಲಿಲ್ಲ. ಎರಡನೆಯ ದಿನ ಅವಳ ಮನೆಯ ಒಡೆಯರಾದ ಪುರೋಹಿತರು ಒಂದು ಸ್ಟೀಲ್ ಡಬ್ಬಿ ತಂದುಕೊಟ್ಟು, "ಅಮ್ಮ ಕಳಿಸಿದ್ದಾರೆ" ಎಂದು ಹೋದರು. ಮೆಣಸಿನ ಸಾರು ಇತ್ತು, ತಣ್ಣಗೆ ಕೊರೆಯುತ್ತಿತ್ತು. ಬಿಸಿಯಾಗಿ ಕಳಿಸುವಷ್ಟೂ ಅಕ್ಕರೆಯಿಲ್ಲವೇ ಎಂದು ಮುಖ ಗೋಡೆಗೆ ತಿರುಗಿಸಿ ಅತ್ತುಬಿಟ್ಟೆ. ಅದನ್ನು ಕುಡಿಯಲಿಲ್ಲ. ಈ ಮಾತನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಕಳೆದ ವರ್ಷ ಲಂಕಾ ದಾಟಿ ಸ್ವಲ್ಪ ದೂರದಲ್ಲಿ ನಾವು ಸ್ವಂತ ಫ್ಲ್ಯಾಟ್ ತೆಗೆದುಕೊಂಡೆವು. ಮೂರು ಕೋಣೆ. ಕೀಲಿ ಕೈಗೆ ಬಂದ ದಿನವೇ ದಕ್ಷಿಣದ ಕೋಣೆ ಅತ್ತೆಯದು ಎಂದು ನಿಶ್ಚಯಿಸಿದೆ. ಕೋಪವೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಬಹುಶಃ ಅದೇ ಕೋಪವೇ ಕೆಲಸವಾಗಿ ಹೊರಗೆ ಬಂತು. ಇನ್ನು ಯಾವ ನೆಪವೂ ಉಳಿಯದ ಹಾಗೆ ಕೋಣೆ ಮಾಡುತ್ತೇನೆ, ನೋಡೋಣ ಏನು ಹೇಳುತ್ತಾಳೋ ಎಂದು ಸೆರಗು ಕಟ್ಟಿ ನಿಂತೆ.

ನೆಲಕ್ಕೆ ಕಾರ್ಕ್ ಹಾಕಿಸಿದೆ. ಮರದ ತೊಗಟೆಯಿಂದ ಮಾಡುವ ಅದು ಕಾಲಿಗೆ ಮೆತ್ತಗಿರುತ್ತದೆ, ಚಳಿಗಾಲದಲ್ಲೂ ತಣ್ಣಗಾಗುವುದಿಲ್ಲ, ಬಿದ್ದರೂ ಸೊಂಟ ಮುರಿಯುವ ಭಯ ಕಡಿಮೆ. ಗೋಡೆಗೆ ಸುಣ್ಣದ ಗಾರೆ, ಎಲ್ಲ ಮೂಲೆಗಳೂ ದುಂಡಗೆ. ಮಂಚದಿಂದ ಕಾಲು ಕೆಳಗಿಟ್ಟ ಕೂಡಲೇ ತಾನಾಗಿಯೇ ಹತ್ತುವ ಸಣ್ಣ ದೀಪಗಳನ್ನು ಗೋಡೆಯ ಬುಡದಲ್ಲಿ ಹಾಕಿಸಿದೆ. ಹಿಡಿದು ನಡೆಯುವ ಕಂಬಿ ಕಂಬಿಯ ಹಾಗೆ ಕಾಣಬಾರದು, ಅವಳಿಗೆ ತಾನು ರೋಗಿ ಅನಿಸಬಾರದು ಎಂದು ಅದನ್ನು ಉದ್ದದ ಪುಸ್ತಕದ ಗೂಡಿನ ಅಂಚಾಗಿ ಮಾಡಿಸಿದೆ. ಎಲ್ಲಕ್ಕಿಂತ ಮುಖ್ಯ, ಕೋಣೆಗೆ ಹೊಂದಿಕೊಂಡು ಅವಳದೇ ಒಂದು ಪುಟ್ಟ ಅಡುಗೆಮನೆ. ಬೇರೆ ನಲ್ಲಿ, ಬೇರೆ ಒಲೆ, ಮೊಟ್ಟೆಯ ಗಾಳಿಯೂ ಸೋಕದ ಬಾಗಿಲು. ಅದರ ಕಟ್ಟೆಗೆ ಕಲೆ ಹಿಡಿಯದ ಕಲ್ಲು ಬೇಕು ಎಂದು ಐದು ಬಗೆಯ ತುಂಡುಗಳ ಮೇಲೆ ಅರಿಸಿನ ಕಲಸಿ ಬಳಿದು ಮೂರು ದಿನ ಬಿಟ್ಟು ತೊಳೆದು ನೋಡಿದೆ. ಯಾವ ಕೋಟ್ಯಧೀಶರಿಗೂ ನಾನು ಇಷ್ಟು ಮಾಡಿಲ್ಲ. ಅತ್ತೆಗೆ ಒಂದು ಮಾತೂ ಹೇಳಲಿಲ್ಲ. ಎಲ್ಲ ಮುಗಿದ ಮೇಲೆ ಒಮ್ಮೆಲೇ ತೋರಿಸಿ ಬಾಯಿ ಮುಚ್ಚಿಸಬೇಕು ಎಂದಿದ್ದೆ.

ಕೋಣೆ ಮುಗಿಯುವ ಹೊತ್ತಿಗೆ, ಶ್ರಾವಣದಲ್ಲಿ, ಅತ್ತೆಯ ಕೋಣೆಯ ಚಿತ್ರದುರ್ಗದ ಅಜ್ಜಿ ತೀರಿಕೊಂಡರು. ಬೆಳಗಿನ ಕಾಫಿ ಕುಡಿದು ಗೋಡೆಗೆ ಒರಗಿದವರು ಹಾಗೇ ಹೋದರು. ಒಳ್ಳೆಯ ಸಾವು ಎಂದು ಎಲ್ಲರೂ ಅಂದರು. ಕಷ್ಟವಾಗಿದ್ದು ಆಮೇಲೆ. ಆ ಮೆಟ್ಟಿಲುಗಳಲ್ಲಿ ಮಲಗಿಸಿಕೊಂಡು ಇಳಿಸುವುದು ಸಾಧ್ಯವೇ ಇಲ್ಲ. ದೇಹವನ್ನು ಹಲಗೆಗೆ ಕಟ್ಟಿ, ನೆಟ್ಟಗೆ ನಿಲ್ಲಿಸಿ, ಮೇಲಿನಿಂದ ಇಬ್ಬರು ಕೆಳಗಿನಿಂದ ಇಬ್ಬರು ಹಿಡಿದು, ತಿರುವಿನಲ್ಲಿ ವಾಲಿಸಿ, ಮತ್ತೆ ನಿಲ್ಲಿಸಿ ತಂದರು. ಅತ್ತೆ ಮಹಡಿಯ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. ನಾನು ಹೋಗುವಷ್ಟರಲ್ಲಿ ಹರಿಶ್ಚಂದ್ರ ಘಾಟಿನ ಸ್ಮಶಾನಕ್ಕೆ ಹೋದವರು ಮಿಂದು ಬಂದಿದ್ದರು.

ಹದಿಮೂರನೆಯ ದಿನ ಕಳೆದ ಮೇಲೆ ಅತ್ತೆ ನನ್ನನ್ನು ಕರೆಸಿದಳು. ಆರು ವರ್ಷದಲ್ಲಿ ಅವಳಾಗಿಯೇ ಏನನ್ನಾದರೂ ಕೇಳಿದ್ದು ಅದೇ ಮೊದಲು.

"ನಂಗೆ ಕೆಳಗಡೆ ಒಂದು ಕೋಣೆ ಬೇಕು ಕಣೇ" ಎಂದಳು. "ಅವ್ರನ್ನ ಬೀರು ಇಳಿಸ್ದಂಗೆ ಇಳಿಸಿದ್ರು. ಒಂದ್ಸಲ ತಲೆ ಗೋಡೆಗೆ ಬಡೀತು. ಜೀವ ಇಲ್ಲ ಸರಿ, ಆದ್ರೂ ಬಡೀತು. ನನ್ನ ಹಾಗೆ ತಗೊಂಡ್ಹೋಗ್ಬೇಡಿ. ಮಲಗಿಸ್ಕೊಂಡು ತಗೊಂಡ್ಹೋಗಿ. ಅಂಥಾ ಕೋಣೆ ಮಾಡ್ಕೊಡ್ತೀಯಾ? ನಿನ್ನ ಕೆಲ್ಸಾನೇ ಅದಲ್ವಾ?"

ಸುಳ್ಳು ಹೇಳಬಾರದು, ಆ ಮಾತು ಕೇಳಿ ಸಂಕಟದ ಹಿಂದೆಯೇ ಸಂತೋಷವೂ ಆಯಿತು. ನಮ್ಮ ಫ್ಲ್ಯಾಟಿಗೆ ದೊಡ್ಡ ಲಿಫ್ಟ್ ಇದೆ, ಅಗಲವಾದ ಬಾಗಿಲುಗಳಿವೆ. ನಾನು ಫೋನು ತೆಗೆದು, "ಸಾಯೋ ಮಾತು ಆಮೇಲೆ, ಮೊದ್ಲು ಬದುಕೋ ಕೋಣೆ ನೋಡಿ" ಎಂದು ಚಿತ್ರಗಳನ್ನು ಒಂದೊಂದಾಗಿ ತೋರಿಸಿದೆ.

ಅತ್ತೆ ಕನ್ನಡಕ ಹಾಕಿಕೊಂಡು ನೋಡಿದಳು. ಗೋಡೆಯ ಚಿತ್ರ ಬಂದಾಗ ಬೆರಳಿನಿಂದ ಪರದೆಯನ್ನೇ ಸವರಿದಳು, ಅದು ಮುಂದಿನ ಚಿತ್ರಕ್ಕೆ ಸರಿದು ಹೋಯಿತು. "ಅಯ್ಯೋ, ವಾಪಸ್ ತಾರೆ" ಎಂದಳು. ಮಂಚದ ಎತ್ತರ ಕೇಳಿದಳು. ಅಡುಗೆಯ ಕಟ್ಟೆ ನೋಡಿ, "ಇದು ನನಗೇ ಬೇರೆ ಮಾಡ್ಸಿದ್ದಾ?" ಎಂದಳು. ಅವಳ ಕಣ್ಣು ತುಂಬಿತು. ಗೆದ್ದೆ ಎಂದುಕೊಂಡೆ.

"ಎಷ್ಟು ಚೆನ್ನಾಗಿ ಮಾಡಿದೀಯೇ. ನಾನು ಬರೋಕಾಗಲ್ಲ ಮಗು" ಎಂದಳು.

"ಮೊಟ್ಟೆ ಬೇಯಿಸೋ ಅಡುಗೆಮನೆ ಆ ಕಡೆ ಇದೆ ಅತ್ತೆ, ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ."

"ಮೊಟ್ಟೆ ಯಾಕೆ ಬಂತು ಮಧ್ಯದಲ್ಲಿ?" ಎಂದು ಅವಳು ನಿಜವಾಗಿಯೂ ಆಶ್ಚರ್ಯಪಟ್ಟಳು.

ಆಗ ಗೊತ್ತಾಯಿತು. ಕಾಶಿಗೆ ಬಂದ ಮೊದಲ ವಾರವೇ ಅವಳು ಕ್ಷೇತ್ರಸಂನ್ಯಾಸ ತೆಗೆದುಕೊಂಡಿದ್ದಳು. ಇನ್ನು ಸಾಯುವವರೆಗೂ ಕಾಶಿಯ ಎಲ್ಲೆ ದಾಟುವುದಿಲ್ಲ ಎಂಬ ಸಂಕಲ್ಪ ಅದು. ಉತ್ತರಕ್ಕೆ ವರುಣಾ, ದಕ್ಷಿಣಕ್ಕೆ ಅಸಿ, ಆ ಎರಡು ನದಿಗಳ ನಡುವಿನದು ಅವಳ ಕಾಶಿ. ನಾವು ಮೊದಲಿದ್ದ ವಿಶ್ವವಿದ್ಯಾಲಯದ ಕ್ವಾರ್ಟರ್ಸು, ಆಸ್ಪತ್ರೆ, ಲಂಕಾ, ಹೊಸ ಫ್ಲ್ಯಾಟು, ಎಲ್ಲವೂ ಅಸಿಯ ಆಚೆ. ನಾನು ಮೊಟ್ಟೆಗೆ ಹೆದರಿ ಒಂದು ಅಡುಗೆಮನೆಯನ್ನೇ ಕಟ್ಟಿಸಿದ್ದೆ. ಅಡ್ಡ ಇದ್ದದ್ದು ಒಂದು ನದಿ.

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಂಗೆ ಬೇಜಾರಾಗ್ತಿತ್ತು. ಕಾಶಿಗೆ ಬಂದಿದ್ದು ನಿನಗೋಸ್ಕರ ಅಂತ ನೀನು ಅಷ್ಟು ಖುಷಿಯಾಗಿದ್ದೆ."

ಮೂಗಿನ ತುದಿಯ ಕೋಪ ನನ್ನದು. "ಅದು ನದಿಯಾ ಅತ್ತೆ? ಚರಂಡಿ ಅದು! ಸೇತುವೆ ಮೇಲೆ ಟೋಟೋ ರಿಕ್ಷಾದಲ್ಲಿ ಹೋದ್ರೆ ದಾಟಿದ್ದೂ ಗೊತ್ತಾಗಲ್ಲ. ಮೂಗು ಮುಚ್ಚಿಕೊಳ್ಳೋದಕ್ಕಷ್ಟೇ ಗೊತ್ತಾಗತ್ತೆ" ಎಂದು ಕೂಗಾಡಿದೆ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟು ಬಂದೆ.

ಅಷ್ಟಕ್ಕೇ ಬಿಡುವವಳಲ್ಲ ನಾನು. ಗಂಡನ ಸಹೋದ್ಯೋಗಿಯೊಬ್ಬರು, ಶಾಸ್ತ್ರ ಬಲ್ಲವರು, ಅವರ ಮನೆಗೆ ಹೋಗಿ ಕೂತೆ. ಅವರು, ಕಾಶಿಗೆ ಅದಕ್ಕಿಂತ ದೊಡ್ಡದಾದ ಪಂಚಕ್ರೋಶಿಯ ಎಲ್ಲೆಯೂ ಇದೆ, ಯಾತ್ರಿಕರು ಅದನ್ನೇ ಸುತ್ತುತ್ತಾರೆ, ನಿಮ್ಮ ಮನೆ ಅದರ ಒಳಗೇ ಬರುತ್ತದೆ ಎಂದರು. ಮರುದಿನ ಬೆಳಿಗ್ಗೆಯೇ ಕೇದಾರ ಘಾಟಿಗೆ ಓಡಿದೆ. ಅತ್ತೆ ಕಡಲೆಕಾಯಿ ಸುಲಿಯುತ್ತಾ ನನ್ನ ವಾದವನ್ನೆಲ್ಲ ಕೇಳಿದಳು.

"ಅವ್ರು ಹೇಳಿದ್ದು ಸರಿಯಾಗೇ ಇರ್ಬೋದು" ಎಂದಳು. "ಆದ್ರೆ ನಾನು ನೀರು ಬಿಟ್ಟು ಹೇಳಿದ್ದು ಅಸಿ, ವರುಣಾ ಅಂತ. ಆಡಿದ್ದು ನಾನು, ಮಾತೂ ನನ್ನದೇ. ಈಗ ಎಲ್ಲೆ ದೊಡ್ಡದಿದ್ಯಂತೆ ಅಂತ ವಿಶ್ವನಾಥನ ಹತ್ರ ಚೌಕಾಸಿ ಮಾಡ್ಲಾ?"

ನನಗೆ ಅಳು ಬಂದುಬಿಟ್ಟಿತು. "ಹಾಗಾದ್ರೆ ನಾನು ಆಸ್ಪತ್ರೆಯಲ್ಲಿದ್ದಾಗಲೂ ನಿಮಗೆ ನಿಮ್ಮ ಮಾತೇ ದೊಡ್ಡದಾಯ್ತು" ಎಂದು ನಾಲ್ಕು ವರ್ಷದಿಂದ ನುಂಗಿಕೊಂಡಿದ್ದನ್ನು ಕಕ್ಕಿದೆ. ಅತ್ತೆ ತಲೆ ತಗ್ಗಿಸಿದಳು. ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ, ಆದರೆ ಕಾಳನ್ನು ಸಿಪ್ಪೆಯ ಕಡೆ, ಸಿಪ್ಪೆಯನ್ನು ಕಾಳಿನ ಕಡೆ ಹಾಕುತ್ತಿದ್ದಳು.

ಕೆಳಗಿಳಿದಾಗ ಪುರೋಹಿತರು ಬಾಗಿಲಲ್ಲಿ ನಿಂತಿದ್ದರು. ಆ ಮನೆಯಲ್ಲಿ ಮೇಲಿನ ಮಾತು ಕೆಳಗೆ ಕೇಳಿಸದೇ ಇರುವುದಿಲ್ಲ. ಅವರ ಹಿರಿಯರು ನಾಲ್ಕು ತಲೆಮಾರಿನ ಹಿಂದೆ ನಮ್ಮ ಕಡೆಯಿಂದ ಬಂದವರು. ಕನ್ನಡ ಇನ್ನೂ ಉಳಿದಿದೆ, ಅಲ್ಲಲ್ಲಿ ತೇಪೆ ಹಾಕಿಕೊಂಡು.

"ತಾಯಿ, ಏಕ್ ಬಾತ್ ಹೇಳ್ತೀನಿ, ತಪ್ಪು ತಿಳೀಬೇಡಿ" ಎಂದರು. "ನಿಮ್ಮ ಆಪರೇಷನ್ ಆಯ್ತಲ್ಲ, ಅದರ ಮರುದಿನ ನಾನು ಒಂದು ಪೂಜೆ ಮುಗಿಸಿ ಲಂಕಾದಿಂದ ಬರ್ತಾ ಇದ್ದೆ. ಅಸ್ಸಿಯ ಪುಲ್ ಹತ್ರ, ಸೇತುವೆ ಹತ್ರ, ಅಮ್ಮ ನಿಂತಿದ್ರು. ಅಕೇಲೇ, ಒಬ್ರೇ. ಇಲ್ಲಿಂದ ನಡ್ಕೊಂಡೇ ಹೋಗಿದ್ರು. ಕೈಯಲ್ಲಿ ಡಬ್ಬಿ. ಎಷ್ಟು ಹೊತ್ತಾಯ್ತು ಅಂತ ಕೇಳ್ದೆ. ಪಾನ್‌ವಾಲಾ ಹೇಳ್ದ, ದೋ ಘಂಟೇ ಸೇ ಖಡೀ ಹೈಂ, ಎರಡು ಗಂಟೆಯಿಂದ ನಿಂತೇ ಇದ್ದಾರೆ ಅಂತ. ಆಚೆ ಹೋಗೋ ಯಾರಾದ್ರೂ ನಂಬಿಕೆಯವ್ರು ಸಿಗ್ತಾರಾ ಅಂತ ನೋಡ್ತಾ ಇದ್ರಂತೆ. ನಾನು ವಾಪಸ್ ತಿರುಗಿ ಡಬ್ಬಿ ತಂದು ನಿಮಗೆ ಕೊಟ್ಟೆ."

ಸಾರು ಯಾಕೆ ತಣ್ಣಗಾಗಿತ್ತು ಎಂದು ತಿಳಿಯುವುದಕ್ಕೆ ನನಗೆ ನಾಲ್ಕು ವರ್ಷ ಬೇಕಾಯಿತು. ಕಣ್ಣೊರೆಸಿಕೊಂಡು, "ನಿಮ್ಮ ಮನೇಲಿ ಕೆಳಗಡೆ ಕೋಣೆ ಯಾವುದಿದೆ, ತೋರಿಸಿ" ಎಂದೆ.

ಇದ್ದದ್ದು ಒಂದು ಉಗ್ರಾಣ. ಮುರಿದ ಮಣೆಗಳು, ಹಳೆಯ ಹಂಡೆ, ಒಂದು ಕಾಲಿಲ್ಲದ ತೊಟ್ಟಿಲು. ಗೋಡೆಗಳು ತೇವಕ್ಕೆ ಉಪ್ಪು ಬಿಟ್ಟು ಪುಡಿ ಉದುರಿಸುತ್ತಿದ್ದವು. ಯಾರೋ ಅದರ ಮೇಲೆ ಸಿಮೆಂಟು ಮೆತ್ತಿ ಇನ್ನಷ್ಟು ಕೆಡಿಸಿದ್ದರು. ಪೇಟೆಯಲ್ಲಿ ಸಿಗುವ ಯಾವ ಹೊಸ ಲೇಪವೂ ಇಲ್ಲಿ ನಿಲ್ಲುವುದಿಲ್ಲ ಎಂದು ನೋಡಿದ ಕೂಡಲೇ ಗೊತ್ತಾಯಿತು. ಇಂಥ ಗೋಡೆಗೆ ಉಸಿರಾಡುವುದಕ್ಕೆ ಬಿಡಬೇಕು. ಘಾಟಿನ ಹಳೆಯ ಕಟ್ಟಡಗಳ ರಿಪೇರಿ ಮಾಡುವ ಒಬ್ಬ ಮುದುಕ ಮಿಸ್ತ್ರಿಯನ್ನು ಹುಡುಕಿ ತಂದೆ. ಅವನು ಸಿಮೆಂಟನ್ನೆಲ್ಲ ಕೆತ್ತಿ ತೆಗೆದು, ಸುಣ್ಣಕ್ಕೆ ಇಟ್ಟಿಗೆಯ ಪುಡಿ, ಬೆಲ್ಲ, ಬಿಲ್ವದ ಹಣ್ಣಿನ ಅಂಟು ಸೇರಿಸಿ ಕೊಳೆಹಾಕಿದ. ದೊಡ್ಡ ಬಂಗಲೆಗಳಿಗೆ ನಾನು ಡಬ್ಬಿಯಲ್ಲಿ ತರಿಸುವ ದುಬಾರಿ ಗಾರೆ ಇದರ ಮುಂದೆ ಏನೂ ಅಲ್ಲ. ಡಬ್ಬಿಯ ಮೇಲಿನ ಚಿತ್ರ ಮಾತ್ರ ಚೆನ್ನಾಗಿರುತ್ತದೆ.

ಗೋಡೆಯದು ಹೀಗೆ ದಾರಿಗೆ ಬಂತು. ಅತ್ತೆ ಕೇಳಿದ್ದು ಗೋಡೆಯನ್ನಲ್ಲವಲ್ಲ.

ದೊಡ್ಡ ಸೋಫಾ ತರಿಸುವ ಮುಂಚೆ ಅದರ ಉದ್ದಗಲಕ್ಕೆ ರಟ್ಟು ಕತ್ತರಿಸಿ, ಮೆಟ್ಟಿಲು, ತಿರುವು, ಬಾಗಿಲುಗಳಲ್ಲಿ ಒಯ್ದು ನೋಡುವುದು ನಮ್ಮ ಕಸುಬಿನ ರೂಢಿ. ಒಮ್ಮೆ ನಾನು ಅದನ್ನು ಮರೆತು ಒಬ್ಬರ ಊಟದ ಮೇಜು ಮೂರು ದಿನ ಮೆಟ್ಟಿಲ ಮೇಲೇ ಕೂತಿತ್ತು. ಈಗ ಅದೇ ಕೆಲಸ ಅತ್ತೆಗೆ ಮಾಡಬೇಕಿತ್ತು. ದಿನಕ್ಕೊಂದು ನೆಪ ಹೇಳಿ ಮುಂದೂಡಿದೆ. ಅತ್ತೆ ಮಾತ್ರ ಹೋದಾಗಲೆಲ್ಲ, "ಅಳತೆ ತಗೊಂಡ್ಯಾ?" ಎಂದು ಕೇಳುವಳು, ರವಿಕೆಯ ಅಳತೆ ಕೇಳಿದಷ್ಟೇ ಸಲೀಸಾಗಿ.

ಕೊನೆಗೆ ಒಂದು ದಿನ ಹರಿಶ್ಚಂದ್ರ ಘಾಟಿಗೆ ಇಳಿಯುವ ದಾರಿಯಲ್ಲಿ ಚಟ್ಟ ಕಟ್ಟುವ ಬಿದಿರಿನ ಅಂಗಡಿಗೆ ಹೋಗಿ ಟೇಪು ತೆಗೆದೆ. ಅಂಗಡಿಯವನು ಟೇಪಿನ ಆ ತುದಿಯನ್ನು ತಾನೇ ಹಿಡಿದುಕೊಂಡ. ಏಳು ಅಡಿ ಉದ್ದ, ಎರಡು ಅಡಿ ಅಗಲ. ಬರೆದುಕೊಂಡು ಪಕ್ಕದ ಗಲ್ಲಿಗೆ ಹೋಗಿ ನಿಂತು ಜೋರಾಗಿ ಅತ್ತುಬಿಟ್ಟೆ. ಆ ದಾರಿಯಲ್ಲಿ ಅಳುವ ಹೆಂಗಸನ್ನು ಯಾರೂ ತಿರುಗಿ ನೋಡುವುದಿಲ್ಲ, ಅದೊಂದು ಅನುಕೂಲ.

ಉಗ್ರಾಣದ ಬಾಗಿಲು ಸಾಲದಾಗಿತ್ತು, ಅದನ್ನು ಅಗಲ ಮಾಡಿಸಿದೆ. ತೊಂದರೆ ಇದ್ದದ್ದು ಹೊರಗಿನ ನಡವೆಯಲ್ಲಿ. ಕೋಣೆಯಿಂದ ಬೀದಿಗೆ ಹೋಗುವ ಆ ದಾರಿ ನಡುವೆ ಒಮ್ಮೆಲೇ ಎಡಕ್ಕೆ ತಿರುಗುತ್ತದೆ. ತಿರುವಿನ ಗೋಡೆಯ ಮೂಲೆಯನ್ನು ಕೆತ್ತದೆ ಏಳು ಅಡಿಯದು ತಿರುಗುವುದಿಲ್ಲ. ಇಂಜಿನಿಯರೊಬ್ಬರನ್ನು ಕರೆಸಿ ತೋರಿಸಿದೆ. ಮೂಲೆಯ ಮೇಲೆ ಭಾರವಿಲ್ಲ, ಕೆತ್ತಬಹುದು ಎಂದರು. ಪುರೋಹಿತರು ಮುಖ ಸಣ್ಣ ಮಾಡಿದರು. "ದಾದಾಜಿ, ನಮ್ಮ ತಾತ ಕಟ್ಸಿದ ಗೋಡೆ ತಾಯಿ" ಎಂದರು. ಆ ಮೂಲೆಯನ್ನು ಕೈಯಿಂದ ಸವರಿ, "ನಮ್ಮ ಅಮ್ಮನನ್ನೂ ನಿಲ್ಲಿಸಿಕೊಂಡೇ ತಂದಿದ್ವಿ" ಎಂದರು. "ಕೆತ್ತಿಸಿಬಿಡಿ."

ಪರೀಕ್ಷೆಯ ದಿನ ಪ್ಲೈವುಡ್ಡಿನ ಹಲಗೆಯೊಂದನ್ನು ಅದೇ ಅಳತೆಗೆ ಕತ್ತರಿಸಿ ತಂದಿದ್ದೆ. ನನ್ನ ಗಂಡ, ಪುರೋಹಿತರು, ಮಿಸ್ತ್ರಿ ಮತ್ತು ನಾನು ನಾಲ್ಕು ಮೂಲೆ ಹಿಡಿದೆವು. ಅತ್ತೆ ಹೊಸ್ತಿಲ ಬಳಿ ಮಣೆ ಹಾಕಿಕೊಂಡು ಕೂತಿದ್ದಳು. "ತಾಳಿ" ಎಂದು ಎದ್ದು, ಗಂಗೆಯ ನೀರು ತುಂಬಿದ ತಂಬಿಗೆಯನ್ನು ತಂದು ಹಲಗೆಯ ತಲೆಯ ಕಡೆ ಇಟ್ಟಳು, ಕಂಠಮಟ್ಟ ತುಂಬಿದ್ದನ್ನು. "ಇದು ತುಳುಕ್ಬಾರ್ದು" ಎಂದಳು.

ಮೊದಲ ಸಲ ತಿರುವಿನಲ್ಲಿ ಹಲಗೆ ಗೋಡೆಗೆ ತಾಗಿ ನೀರು ನನ್ನ ಗಂಡನ ತೋಳಿನ ಮೇಲೆ ಚೆಲ್ಲಿತು. "ಅಷ್ಟು ಓದಿದೀರಿ, ನೆಟ್ಟಗೆ ಹಿಡ್ಕೊಳೋಕೆ ಬರಲ್ವಾ?" ಎಂದು ಅತ್ತೆ ಅವರನ್ನು ಗದರಿಸಿದಳು. ತಪ್ಪು ಅವರದಲ್ಲ, ಗೋಡೆಯದು. ಮಿಸ್ತ್ರಿ ಮೂಲೆಯನ್ನು ಇನ್ನೂ ನಾಲ್ಕು ಬೆರಳು ಕೆತ್ತಿದ. ಎರಡನೆಯ ಸಲ ನಾವು ಉಸಿರು ಬಿಗಿಹಿಡಿದು ನಡೆದೆವು. ಹಲಗೆ ತಿರುವಿನಲ್ಲಿ ಸರಾಗವಾಗಿ ತಿರುಗಿ ಬೀದಿಗೆ ಬಂತು. ತಂಬಿಗೆಯ ಸುತ್ತ ಹಲಗೆ ಒಣಗಿಯೇ ಇತ್ತು. ಅತ್ತೆ ಹಿಂದೆಯೇ ಬಂದು ಬಗ್ಗಿ ನೋಡಿ, ತಂಬಿಗೆ ಎತ್ತಿ ಆ ನೀರನ್ನು ಬೀದಿಯ ಬಿಲ್ವದ ಗಿಡಕ್ಕೆ ಹಾಕಿದಳು. ಅವಳ ಮುಖ ಅಷ್ಟು ಹಗುರಾಗಿದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ.

"ಸರಿ, ಆ ವಿಷಯ ಮುಗೀತು" ಎಂದಳು. "ಇನ್ನು ಕೋಣೆ ಹೇಗಿರ್ಬೇಕು ಅಂತ ಹೇಳ್ತೀನಿ, ಬರ್ಕೋ."

ಆರು ವರ್ಷ ಒಂದು ಚಾಪೆ, ಒಂದು ಟ್ರಂಕು ಇಟ್ಟುಕೊಂಡಿದ್ದವಳು, ನನಗಿನ್ನೇನು ಬೇಕು ಎನ್ನುತ್ತಿದ್ದವಳು, ಹೋಗುವ ದಾರಿ ಸರಿಯಾದ ಕೂಡಲೇ ಬದುಕುವುದಕ್ಕೆ ಸಾಮಾನಿನ ಪಟ್ಟಿ ಕೊಡತೊಡಗಿದಳು. ಫೋನಿನಲ್ಲಿ ನೋಡಿದ ಆ ಕಾಲಿನ ಬಳಿ ಹತ್ತುವ ದೀಪ ಬೇಕು. ಗೋಡೆ ಅದೇ ಥರ ನುಣ್ಣಗಿರಬೇಕು, ಆದರೆ ಬಣ್ಣ ಆ ಸಗಣಿ ಸಾರಿಸಿದ ಹಾಗಿರುವುದು ಬೇಡ, ಎಳೆಯ ಹಳದಿ ಮಾಡಿಸು. ಮೆತ್ತಗಿನ ನೆಲವೂ ಬೇಕು. ತೇವದ ನೆಲಕ್ಕೆ ಕಾರ್ಕ್ ಬಾಳುವುದಿಲ್ಲ, ಜಾರದ ಹಾಗೆ ಉಳಿ ಹೊಡೆದ, ಇಲ್ಲೇ ಹತ್ತಿರದ ಚುನಾರಿನ ಕಲ್ಲು ಹಾಕಿಸುತ್ತೇನೆ ಎಂದರೆ, "ನಿನ್ನ ಮನೇಗೆ ಮೆತ್ತಗೆ, ನಂಗೆ ಕಲ್ಲಾ?" ಎಂದು ಜಗಳಕ್ಕೇ ಬಂದಳು. ಮಂಚದ ಪಕ್ಕದಲ್ಲಿ ಕಾರ್ಕಿನ ಒಂದು ಚಾಪೆ ಎಂದು ರಾಜಿಯಾಯಿತು. ಬಂಗಲೆಯ ಯಾವ ಯಜಮಾನಿಯೂ ನನ್ನನ್ನು ಇಷ್ಟು ಸತಾಯಿಸಿಲ್ಲ. ನಾನು ನಗುತ್ತಾ, ಅಳುತ್ತಾ ಬರೆದುಕೊಂಡೆ.

"ಕಿಟಕಿ ಕೆಳಗೆ ಒಂದು ಕಟ್ಟೆ ಮಾಡ್ಸು, ಮಲಗೋ ಹಾಗೆ."

"ಮಂಚ ಇದ್ಯಲ್ಲ ಅತ್ತೆ, ಕಟ್ಟೆ ಯಾರಿಗೆ?"

"ನಿಂಗೆ" ಎಂದಳು. "ನಾನಂತೂ ಆ ಸೇತುವೆ ದಾಟೋಳಲ್ಲ. ಇನ್ಮೇಲೆ ನಿಂಗೆ ಮೈ ಸರಿಯಿಲ್ದಾಗ ಆಸ್ಪತ್ರೆ ಮುಗಿಸ್ಕೊಂಡು ನೇರ ಇಲ್ಲಿಗೆ ಬಾ. ನಾನು ನೋಡ್ಕೋತೀನಿ."

ಕಟ್ಟೆಗೆ ಐದೂಕಾಲು ಅಡಿ ಸಾಕು ಎಂದು ಹೇಳಿ ಬರೆಯಹೋದೆ.

"ಆರು ಹಾಕು" ಎಂದಳು ಅತ್ತೆ. "ನೀನು ಕಾಲು ಚಾಚಿ ಮಲಗೋಳು."

ಈ ಮಾಘದಲ್ಲಿ ನನಗೆ ಜ್ವರ ಬಂತು. ಮಗಳನ್ನೂ ಅಡುಗೆಯನ್ನೂ ಗಂಡನಿಗೆ ಒಪ್ಪಿಸಿ, ಟೋಟೋ ಹತ್ತಿ ಸೇತುವೆ ದಾಟಿ, ಕೇದಾರ ಘಾಟಿನ ಆ ಕೋಣೆಗೆ ಹೋಗಿ ನಾಲ್ಕು ದಿನ ಮಲಗಿದ್ದೆ. ಎಪ್ಪತ್ತೊಂಬತ್ತು ವರ್ಷದ ಅತ್ತೆ ಮೆಣಸಿನ ಸಾರು ಮಾಡಿ, ಒಲೆಯಿಂದ ಕಿಟಕಿಯ ಕೆಳಗಿನ ಕಟ್ಟೆಗೆ ಆರು ಹೆಜ್ಜೆ ನಡೆದು ತಂದುಕೊಟ್ಟಳು. ನಾಲಿಗೆ ಸುಟ್ಟಿತು. ಊದಿ ಕುಡಿ ಎಂದು ಬೈದಳು.